ಕೆಲಸ ಮುಂಬೈನಲ್ಲಿ, ಮನೆ ಡೊಂಬಿವಲಿಯಲ್ಲಿ: ಈ ಲೆಕ್ಕ ಎಲ್ಲಿ ಕೂಡುತ್ತೆ, ಎಲ್ಲಿ ಕೈಕೊಡುತ್ತೆ?

ಮುಂಬೈ: ಊರಿನಲ್ಲಿ ಯಾರಾದರೂ 'ಮಗ ಬೊಂಬಾಯಿಯಲ್ಲಿದ್ದಾನೆ' ಎಂದರೆ, ಆತನ ಮನೆ ಮುಂಬೈ ಪಾಲಿಕೆಯ ಗಡಿಯೊಳಗೇ ಇದೆ ಎಂದುಕೊಳ್ಳಬೇಕಿಲ್ಲ. ದುಡಿಯುವುದು ಮುಂಬೈನಲ್ಲಿ, ಮಲಗುವುದು ಡೊಂಬಿವಲಿ, ಕಲ್ಯಾಣ್, ಥಾಣೆ, ವಿರಾರ್ ಅಥವಾ ನವಿ ಮುಂಬೈನಲ್ಲಿ. ಇದು ಅಲ್ಲಿನ ಸಾವಿರಾರು ಕನ್ನಡ ಕುಟುಂಬಗಳ ದಿನಚರಿ. ಹೊಸದಾಗಿ ಕೆಲಸ ಸಿಕ್ಕು ಅತ್ತ ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆಯೂ ಇದೇ: ಮನೆ ಎಲ್ಲಿ ಮಾಡುವುದು?

ಹೆಸರಿಗೆ ಉಪನಗರ ಎಂದರೂ ಇವು ಸಣ್ಣ ಊರುಗಳಲ್ಲ. 1983ರಲ್ಲಿ ರಚನೆಯಾದ ಕಲ್ಯಾಣ್-ಡೊಂಬಿವಲಿ ಪಾಲಿಕೆಯ ಜನಸಂಖ್ಯೆ 2011ರ ಜನಗಣತಿಯಲ್ಲೇ 12.47 ಲಕ್ಷ ಇತ್ತು. ಅದೇ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.4 ಲಕ್ಷ.

ಇಷ್ಟು ದೂರ ಹೋಗಿದ್ದೇಕೆ?

ಉತ್ತರ ರೈಲಿನಲ್ಲಿದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರ್‌ನಿಂದ ಥಾಣೆಗೆ ಓಡಿತು. ಮರುವರ್ಷವೇ ಹಳಿ ಕಲ್ಯಾಣ್ ಮುಟ್ಟಿತು. ಮುಂಬೈ ಎಂದರೆ ಸಮುದ್ರಕ್ಕೆ ಚಾಚಿಕೊಂಡ ಕಿರಿದಾದ ನೆಲ. ದಕ್ಷಿಣಕ್ಕೆ ಬೆಳೆಯಲು ಜಾಗವಿಲ್ಲ, ಹಾಗಾಗಿ ಊರು ಹಳಿ ಹಿಡಿದು ಉತ್ತರಕ್ಕೆ ನಡೆಯಿತು.

ಕನ್ನಡಿಗರು ನಡೆದದ್ದೂ ಅದೇ ದಾರಿಯಲ್ಲಿ. ಕರಾವಳಿಯಿಂದ ಬಂದ ಹುಡುಗರು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಅಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಓದಿದ ಕಾಲವೊಂದಿತ್ತು. ಮೈಸೂರು ಅಸೋಸಿಯೇಷನ್ (1926) ಮತ್ತು ಕರ್ನಾಟಕ ಸಂಘ (1933) ಎರಡೂ ಇರುವ ಮಾಟುಂಗ ಆಗಿನ ಕನ್ನಡ ಕೇಂದ್ರ. ಮದುವೆಯಾಗಿ ಸಂಸಾರ ಹೂಡುವ ಹೊತ್ತಿಗೆ ಮಾಟುಂಗದ ಬಾಡಿಗೆ ಕೈಗೆಟುಕಲಿಲ್ಲ. ಡೊಂಬಿವಲಿ ಎಟುಕಿತು. ಇಂದು ಅಲ್ಲಿ ಕರ್ನಾಟಕ ಸಂಘವಿದೆ, ಸಂಘ ನಡೆಸುವ ಮಂಜುನಾಥ ವಿದ್ಯಾಲಯವೂ ಇದೆ.

ನಿಜವಾದ ಬಾಡಿಗೆ ಸಮಯದ್ದು

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸುಮಾರು 48 ಕಿ.ಮೀ. ಫಾಸ್ಟ್ ಲೋಕಲ್‌ನಲ್ಲಿ ಒಂದು ಗಂಟೆಗೆ ತುಸು ಹೆಚ್ಚು. ಮನೆಯಿಂದ ಸ್ಟೇಷನ್, ಸ್ಟೇಷನ್‌ನಿಂದ ಆಫೀಸು ಎಲ್ಲ ಸೇರಿಸಿದರೆ ಹೋಗಿ ಬರಲು ದಿನಕ್ಕೆ ಮೂರು ಗಂಟೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ದಿನ ಕೆಲಸವೆಂದರೆ 75 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿಗಿಂತ ಹೆಚ್ಚು. ಸೆಕೆಂಡ್ ಕ್ಲಾಸ್ ಮಾಸಿಕ ಪಾಸ್ ಕೆಲವೇ ನೂರು ರೂಪಾಯಿ ಎನ್ನುವುದು ನಿಜ. ಆದರೆ ಈ 75 ಗಂಟೆಯನ್ನು ಬಾಡಿಗೆಗೆ ಸೇರಿಸಿ ನೋಡುವವರು ಕಡಿಮೆ.

ಅದೂ ಕುಳಿತು ಹೋಗುವ ಗಂಟೆಗಳಲ್ಲ. ಬೆಳಗಿನ ಹೊತ್ತು ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಮಂದಿ ನಿಲ್ಲುವ ಸ್ಥಿತಿಗೆ ರೈಲ್ವೆಯವರೇ ಬೇರೆ ಹೆಸರಿಡಬೇಕಾಯಿತು. ಸೀಟಿಗಾಗಿ ಕೆಲವರು ಉಲ್ಟಾ ದಿಕ್ಕಿನಲ್ಲಿ ಕಲ್ಯಾಣ್‌ಗೆ ಹೋಗಿ, ಅಲ್ಲಿಂದ ಕುಳಿತೇ ವಾಪಸ್ ಬರುತ್ತಾರೆ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ಗಳ ಸಮಯ ಅಲ್ಲಿನವರಿಗೆ ಬಾಯಿಪಾಠ.

ಈ ನೂಕುನುಗ್ಗಲು ಪ್ರಾಣಕ್ಕೂ ಎರವಾಗುತ್ತದೆ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿಯ ತಿರುವಿನಲ್ಲಿ ಎರಡು ಲೋಕಲ್‌ಗಳು ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ಜೋತಾಡುತ್ತಿದ್ದ ಪ್ರಯಾಣಿಕರು ಕೆಳಗುರುಳಿದರು. ಕನಿಷ್ಠ ನಾಲ್ವರು ಜೀವ ಕಳೆದುಕೊಂಡರು. ಎಸಿ ಇಲ್ಲದ ಲೋಕಲ್‌ಗಳಿಗೂ ತಾನಾಗಿ ಮುಚ್ಚುವ ಬಾಗಿಲು ಅಳವಡಿಸುವುದಾಗಿ ರೈಲ್ವೆ ಆಮೇಲೆ ಪ್ರಕಟಿಸಿತು. ಕಚೇರಿ ವೇಳೆ ಬದಲಿಸಿ ಎಂದು ಮಧ್ಯ ರೈಲ್ವೆ ಅದಕ್ಕೂ ಮೊದಲೇ ನೂರಾರು ಸಂಸ್ಥೆಗಳಿಗೆ ಪತ್ರ ಬರೆದಿತ್ತು. ಹತ್ತು ಗಂಟೆಗೇ ಎಲ್ಲರೂ ಹಾಜರಿರಬೇಕು ಎಂಬ ಹಟ ಬಿಟ್ಟರೆ ಹೊಸ ಹಳಿ ಹಾಕುವುದಕ್ಕಿಂತ ಬೇಗ ಫಲ ಸಿಗುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಆಫೀಸು ಎಲ್ಲಿದೆ ಎಂಬುದೇ ಮುಖ್ಯ

ಫೋರ್ಟ್‌ನಲ್ಲಿ ಕೆಲಸವಿದ್ದರೆ ಒಂದೇ ರೈಲು ಸಾಕು. ಬಿಕೆಸಿ ಆದರೆ ಕುರ್ಲಾದಲ್ಲಿ ಇಳಿದು ಬಸ್ಸು ಅಥವಾ ಶೇರ್ ಆಟೋ ಹಿಡಿಯಬೇಕು. ಅಂಧೇರಿ ಕಡೆಗಾದರೆ ಘಾಟ್ಕೋಪರ್‌ನಿಂದ 2014ರಲ್ಲಿ ಶುರುವಾದ ಮೆಟ್ರೋ ಇದೆ. ಐರೋಲಿಯ ಐಟಿ ಕಂಪನಿಗಳಿಗೆ ಹೋಗುವವರು ಥಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಲೋಕಲ್ ಹತ್ತಬೇಕು. ಥಾಣೆಯ ಆ ಮೇಲ್ಸೇತುವೆಯ ಜಂಗುಳಿ ನೋಡಿದ ಮೇಲೆ, ಐರೋಲಿಯಲ್ಲಿ ಕೆಲಸವಿದ್ದವರು ನವಿ ಮುಂಬೈನಲ್ಲೇ ಮನೆ ನೋಡುವುದು ಜಾಣತನ ಎನಿಸುತ್ತದೆ, ಬಾಡಿಗೆ ತುಸು ಹೆಚ್ಚಾದರೂ ಸರಿ.

ಮನೆ ಹಿಡಿಯುವ ಮುನ್ನ

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿ ಸಮಾಧಾನವಿದೆ. ಸಾಮಾನ್ಯವಾಗಿ ಎರಡು-ಮೂರು ತಿಂಗಳ ಡಿಪಾಸಿಟ್ ಸಾಕು. ಆದರೆ ಮಹಾರಾಷ್ಟ್ರದಲ್ಲಿ 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನೂ ನೋಂದಣಿ ಮಾಡಿಸಲೇಬೇಕು. ಬರೀ ಸ್ಟಾಂಪ್ ಪೇಪರ್ ಸಾಲದು.

ಫ್ಲಾಟ್ ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಪಾಲಿಕೆಯ ಅನುಮತಿ ಪತ್ರಗಳನ್ನೇ ನಕಲಿ ಮಾಡಿ, ಅದರ ಮೇಲೆ ಮಹಾರೇರಾ ನೋಂದಣಿಯನ್ನೂ ಪಡೆದ 65 ಕಟ್ಟಡಗಳು ಕಲ್ಯಾಣ್-ಡೊಂಬಿವಲಿಯಲ್ಲಿ ಪತ್ತೆಯಾದವು. ಅವನ್ನು ಕೆಡವುವಂತೆ ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತು. ಸಾಲ ಮಾಡಿ ಮನೆ ಕೊಂಡ ಸಾವಿರಾರು ಕುಟುಂಬಗಳು ನಡುನೀರಿನಲ್ಲಿ ಸಿಲುಕಿದವು. ರೇರಾ ನಂಬರ್ ಇದೆ, ಬ್ಯಾಂಕ್ ಸಾಲ ಕೊಟ್ಟಿದೆ ಎಂಬ ಎರಡೂ ಭರವಸೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಕಟ್ಟಡದ ಅನುಮತಿ ಪತ್ರದ ನಂಬರ್ ಹಿಡಿದು ಪಾಲಿಕೆಯ ನಗರ ಯೋಜನಾ ವಿಭಾಗದಲ್ಲೇ ವಿಚಾರಿಸಿ.

ಊರಿಗೆ ಹೋಗಲು ಈ ಕಡೆಯವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣ್‌ನಲ್ಲೇ ನಿಲ್ಲುತ್ತದೆ. ಮಂಗಳೂರಿನ ಮತ್ಸ್ಯಗಂಧಕ್ಕೆ ಥಾಣೆ, ಪನ್ವೇಲ್ ಎರಡೂ ಕಡೆ ನಿಲುಗಡೆಯಿದೆ. ಗಂಟುಮೂಟೆ ಹೊತ್ತು ಕುರ್ಲಾದವರೆಗೆ ಹೋಗಬೇಕಿಲ್ಲ. ಚೌತಿ, ದೀಪಾವಳಿ ಹೊತ್ತಿಗೆ ಮಾತ್ರ ಟಿಕೆಟ್ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.