ಗಾಳಿಯ ದಾರಿಗೆ ಅರ ಹಾಕಬೇಕೇ?

ಹೊಸೂರು ಸೀಮೆಯ ಮಕ್ಕಳಿಗೆ ಎಂಜಿನ್ ಎಂಬುದು ಅಪರಿಚಿತ ವಸ್ತುವಲ್ಲ. ಟಿ.ವಿ.ಎಸ್. 50 ಮೊಪೆಡ್ 1980ರಲ್ಲಿ ಇಲ್ಲಿಯ ಕಾರ್ಖಾನೆಯಿಂದಲೇ ಹೊರಬಂದಿತು. ಅಶೋಕ್ ಲೇಲ್ಯಾಂಡ್ ಲಾರಿಗಳೂ ಇಲ್ಲಿ ತಯಾರಾಗುತ್ತವೆ. ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಅಕ್ಷರ ಕಲಿತ ಎಷ್ಟೋ ಹುಡುಗರು ಕಾರ್ಖಾನೆಗಳಲ್ಲಿಯೂ ಗ್ಯಾರೇಜುಗಳಲ್ಲಿಯೂ ದುಡಿದು ಬಾಳು ಕಟ್ಟಿಕೊಂಡಿದ್ದಾರೆ. ಆದುದರಿಂದ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಹಳೆಯ ನೆನಪುಗಳ ಬದಲಾಗಿ ಒಂದು ವಿಜ್ಞಾನ ಲೇಖನವನ್ನು ಬರೆಯಲು ಮನಸ್ಸು ಮಾಡಿದೆನು.

ಇದಕ್ಕೆ ಕಾರಣನಾದವನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ. ಬೆಳಗಿನ ಜಾವ ಬೈಕಿನಲ್ಲಿ ಗುಲಾಬಿ ಹೂಗಳನ್ನು ಮಂಡಿಗೆ ಸಾಗಿಸುವುದು ಅವನ ಜೀವನೋಪಾಯ. ಒಂದು ದಿನ ಆತ ಚೀಲದಿಂದ ಎಂಜಿನ್ನಿನ ಹೆಡ್ಡನ್ನು ತೆಗೆದು ನನ್ನ ಮುಂದಿಟ್ಟು, "ಸಾರ್, ಗಾಳಿ ಒಳಗೆ ಹೋಗುವ ದಾರಿಯನ್ನು ಅಗಲ ಮಾಡಿ ಕನ್ನಡಿಯ ಹಾಗೆ ಉಜ್ಜಿದರೆ ಗಾಡಿಗೆ ಬಲ ಬರುತ್ತದೆ ಎಂದರು. ನಾನೇ ಉಜ್ಜಿದೆ. ಈಗ ಮೊದಲಿನಷ್ಟೂ ಎಳೆಯುವುದಿಲ್ಲ" ಎಂದನು. ಅರ ಜಾರಿ ವಾಲ್ವು ಕೂರುವ ಅಂಚಿನ ಮೇಲೆ ಗೀರು ಬಿದ್ದಿತ್ತು. ಹೊಸ ಹೆಡ್ಡಿಗೆ ಹಣ ಹೊಂದಿಸುವವರೆಗೆ ಅವನ ಸಂಪಾದನೆ ನಿಂತಿತು.

ಅವನ ಆಲೋಚನೆ ಪೂರ್ಣ ತಪ್ಪಾಗಿರಲಿಲ್ಲ. ಪೆಟ್ರೋಲು ತಾನಾಗಿ ಉರಿಯದು. ಒಂದು ಗ್ರಾಂ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು, ಹೆಚ್ಚು ಬಲ ದೊರೆಯುತ್ತದೆ. ಗಾಳಿಯು ಫಿಲ್ಟರು, ಕಾರ್ಬೊರೇಟರುಗಳನ್ನು ದಾಟಿ, ಹೆಡ್ಡಿನೊಳಗಿನ ಬಾಗಿದ ಸುರಂಗದ ಮೂಲಕ ವಾಲ್ವಿನ ಬಾಯಿಗೆ ಬರುತ್ತದೆ. ಈ ಸುರಂಗಕ್ಕೆ ಪೋರ್ಟ್ ಎಂದು ಹೆಸರು. ಅಚ್ಚಿನಲ್ಲಿ ಎರಕ ಹೊಯ್ದ ಕಾರಣ ಅದರ ಒಳಮೈ ತರಿತರಿಯಾಗಿರುತ್ತದೆ. ಅದರ ಆಕಾರವನ್ನು ತಿದ್ದುವುದು ಪೋರ್ಟಿಂಗ್. ನುಣುಪು ಮಾಡುವುದು ಪಾಲಿಶಿಂಗ್.

ಈಗ ಅರವನ್ನು ಬದಿಗಿಟ್ಟು ಸೀಸದ ಕಡ್ಡಿಯನ್ನು ಹಿಡಿಯೋಣ. ನಾಲ್ಕು ಹೊಡೆತದ 100 ಸಿ.ಸಿ. ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ 8000 ಸುತ್ತು ತಿರುಗಿದರೆ 4000 ಉಸಿರು. ಪ್ರತಿಸಲವೂ ಪೂರ್ತಿ ತುಂಬಿದರೆ 400 ಲೀಟರ್ ಗಾಳಿ. 3000 ಸುತ್ತಿನಲ್ಲಿ ಬೇಕಾದುದು 150 ಲೀಟರ್ ಮಾತ್ರ. 400 ಲೀಟರಿಗೆ ಸಾಲುವ ದಾರಿ 150 ಲೀಟರಿಗೆ ಇಕ್ಕಟ್ಟಾಗುವುದೆಂತು? ಅದೂ ಅಲ್ಲದೆ ಸಾಧಾರಣ ಓಟದಲ್ಲಿ ನಾವು ಆಕ್ಸಿಲರೇಟರನ್ನು ಅರ್ಧವೂ ತಿರುಗಿಸಿರುವುದಿಲ್ಲ. ಗಾಳಿಯನ್ನು ತಡೆದಿರುವುದು ಆಗ ಸವಾರನ ಕೈಯೇ ಹೊರತು ಪೋರ್ಟ್ ಅಲ್ಲ.

ಅಗಲ ಮಾಡಿದರೆ ನಷ್ಟವೂ ಉಂಟು. 20 ಮಿಲಿಮೀಟರ್ ವ್ಯಾಸದ ದಾರಿಯನ್ನು 22 ಮಿಲಿಮೀಟರ್ ಮಾಡಿದೆವೆನ್ನೋಣ. ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ ಅದು ಶೇಕಡಾ 21ರಷ್ಟು ಹಿಗ್ಗುತ್ತದೆ. ಅಷ್ಟೇ ಗಾಳಿ ಹರಿಯುವಾಗ ಅದರ ವೇಗ ಸುಮಾರು ಶೇಕಡಾ 17ರಷ್ಟು ಕುಗ್ಗುತ್ತದೆ. ಈ ವೇಗವು ಎಂಜಿನ್ನಿಗೆ ಬಹು ಬೆಲೆಯುಳ್ಳದ್ದು. ಪಿಸ್ಟನ್ ತಳ ಮುಟ್ಟಿ ಮೇಲೇರಲು ತೊಡಗಿದ ಮೇಲೂ ವಾಲ್ವು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ವೇಗವಾಗಿ ಬರುತ್ತಿರುವ ಗಾಳಿಯು ತನ್ನ ರಭಸದಿಂದಲೇ ಒಳನುಗ್ಗಿ ಸಿಲಿಂಡರನ್ನು ತುಂಬುತ್ತದೆ. ರಭಸ ಕುಗ್ಗಿದರೆ ಕಡಿಮೆ ಸುತ್ತಿನಲ್ಲಿ ಪಿಸ್ಟನ್ ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ಹೂವಿನ ಹೊರೆಯೊಡನೆ ಏರು ಹತ್ತುವಾಗ ಬೇಕಾದ ಎಳೆತವೇ ಆಗ ಕಡಿಮೆಯಾಗುತ್ತದೆ.

ತೋಟಕ್ಕೆ ನೀರು ಹಾಯಿಸುವ ರೈತನಿಗೆ ಇದು ತಿಳಿದ ಸಂಗತಿ. ತೂಬು ಹಳೆಯದೇ ಆಗಿದ್ದು ಕಾಲುವೆಯನ್ನು ಮಾತ್ರ ಅಗಲಿಸಿದರೆ ಗದ್ದೆಗೆ ನೀರು ಹೆಚ್ಚಾಗದು, ಓಟ ನಿಧಾನವಾಗುತ್ತದೆ. ಎಂಜಿನ್ನಿನಲ್ಲಿ ವಾಲ್ವಿನ ಬಾಯಿಯೇ ತೂಬು. ಗಾಳಿಗೆ ಹೆಚ್ಚಿನ ಅಡ್ಡಿ ಉಂಟಾಗುವುದು ಅಲ್ಲಿ ಮತ್ತು ಅದರ ಹಿಂದಿನ ಬಾಗಿನಲ್ಲಿ. ಬಾಗಿನ ಒಳಮಗ್ಗುಲನ್ನು ಮೊನಚಾಗುವಂತೆ ಅರೆದರೆ ಗಾಳಿಯು ಗೋಡೆಯನ್ನು ಬಿಟ್ಟು ಸುಳಿಯಾಗುತ್ತದೆ. ದಾರಿ ದೊಡ್ಡದಾಗಿಯೂ ಹರಿವು ಕಡಿಮೆಯಾಗುತ್ತದೆ. ಅರೆದ ಲೋಹವನ್ನು ಮರಳಿ ಅಂಟಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಕನ್ನಡಿಯ ಹೊಳಪಿನ ವಿಚಾರವೇನು? ಕಾರ್ಬೊರೇಟರ್ ಎಂಜಿನ್ನಿನಲ್ಲಿ ಪೆಟ್ರೋಲು ಹನಿಹನಿಯಾಗಿ ಗಾಳಿಯೊಡನೆ ಬರುತ್ತದೆ. ಅತಿ ನುಣುಪಾದ ಗೋಡೆಯ ಮೇಲೆ ಹನಿಗಳು ಪದರವಾಗಿ ಹರಡಿ ಜಾರುತ್ತವೆ; ಸ್ವಲ್ಪ ಒರಟಾದ ಗೋಡೆ ಅವನ್ನು ಮರಳಿ ಗಾಳಿಗೆ ಬೆರೆಸಲು ನೆರವಾಗುತ್ತದೆ. ಅನುಭವಿಗಳು ಈ ದಾರಿಯನ್ನು ಸಾಧಾರಣ ಎಮರಿ ಕಾಗದದ ನುಣುಪಿಗೇ ಬಿಡುವುದು ಇದಕ್ಕಾಗಿ. ಹೊಗೆ ಹೊರಹೋಗುವ ದಾರಿಯಲ್ಲಿ ಹೊಳಪಿಗೆ ಅರ್ಥವುಂಟು. ಅಲ್ಲಿ ಮಸಿ ಬೇಗ ಹಿಡಿಯದು.

ಹಳೆಯ ಎರಡು ಹೊಡೆತದ ಬೈಕುಗಳ ಮಾತು ಬೇರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿಯೂ, ತರುಣರು ಇಂದಿಗೂ ಹುಡುಕಿ ಕೊಳ್ಳುವ ಯಮಹಾ ಆರ್.ಎಕ್ಸ್. 100ರಲ್ಲಿಯೂ ಪೋರ್ಟುಗಳು ಸಿಲಿಂಡರಿನ ಗೋಡೆಯಲ್ಲಿವೆ. ಪಿಸ್ಟನ್ನೇ ಅವನ್ನು ಮುಚ್ಚಿ ತೆರೆಯುತ್ತದೆ. ಅಲ್ಲಿ ಕಿಂಡಿಯ ಅಂಚನ್ನು ಅರೆದರೆ ಗಾತ್ರದೊಡನೆ ತೆರೆದು ಮುಚ್ಚುವ ಕಾಲವೂ ಬದಲಾಗುತ್ತದೆ. ಮೇಲಿನ ಸುತ್ತಿನಲ್ಲಿ ಬಲ ಬರಬಹುದು. ಕೆಳಗಿನ ಎಳೆತ ಹೋಗುತ್ತದೆ, ಪೆಟ್ರೋಲಿನ ಖರ್ಚು ಏರುತ್ತದೆ, ಉಂಗುರ ಕಿಂಡಿಗೆ ಸಿಕ್ಕಿ ಮುರಿಯುವ ಭಯವೂ ಇದೆ.

ಹಾಗಾದರೆ ಈ ವಿದ್ಯೆಯೇ ಸುಳ್ಳೇ? ಖಂಡಿತ ಅಲ್ಲ. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಎಂಬವರು ಪೋರ್ಟಿನೊಳಗಿನ ಗಾಳಿಯ ಹರಿವನ್ನು ಅಳೆದು ಅಳೆದು ಹೆಸರಾದರು; 1948ರಲ್ಲಿ ಬಂದ ಜಾಗ್ವಾರ್ ಎಕ್ಸ್.ಕೆ. ಎಂಜಿನ್ನಿನ ಹೆಡ್ಡಿನ ರಚನೆಯಲ್ಲಿ ಅವರ ಪಾಲಿದೆ. ಪಂದ್ಯದ ವಾಹನಗಳಿಗೆ ಇಂದಿಗೂ ಈ ಕೆಲಸ ನಡೆಯುತ್ತದೆ. ಬಲ್ಲವರು ಸ್ವಲ್ಪ ಅರೆದು, ಯಂತ್ರದಲ್ಲಿ ಅಳೆದು, ಮತ್ತೆ ಅರೆಯುತ್ತಾರೆ. ಅಳತೆಯಿಲ್ಲದೆ ಅರೆಯುವವನು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುವವನಂತೆ.

ಮನೆಯಲ್ಲಿ ಮಾಡಬಹುದಾದ ಉಪಯುಕ್ತ ಕೆಲಸಗಳೂ ಇವೆ. ಕಾರ್ಬೊರೇಟರಿನ ನಳಿಗೆ ಹೆಡ್ಡಿಗೆ ಸೇರುವಲ್ಲಿ ಗ್ಯಾಸ್ಕೆಟ್ ದಾರಿಗೆ ಅಡ್ಡ ಚಾಚಿದ್ದರೆ ಕತ್ತರಿಸಿ ಸರಿಪಡಿಸಬಹುದು. ಮಸಿಯನ್ನು ತೆಗೆಯಬಹುದು, ಫಿಲ್ಟರನ್ನು ಶುಚಿಗೊಳಿಸಬಹುದು, ವಾಲ್ವು ಬಿಗಿಯಾಗಿ ಕೂರುವಂತೆ ಮೆಕ್ಯಾನಿಕರಿಂದ ಮಾಡಿಸಬಹುದು. ಕಳೆದುಹೋದ ಬಲ ಮರಳುವುದು ಹೆಚ್ಚಾಗಿ ಇವುಗಳಿಂದಲೇ. 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮದಂತೆ ಬರುತ್ತಿರುವ ಹೊಸ ಬೈಕುಗಳಲ್ಲಿ ಪೆಟ್ರೋಲಿನ ಅಳತೆಯನ್ನು ಗಣಕವೇ ನೋಡಿಕೊಳ್ಳುತ್ತದೆ. ಅವುಗಳಿಗೆ ಅರ ಹಾಕಿದರೆ ಕಂಪನಿಯ ವಾರಂಟಿಯೂ ಕೈತಪ್ಪೀತು.

ದಿನದ ದುಡಿಮೆಗೆ ನೆಚ್ಚಿರುವ ಬೈಕಿನ ಪೋರ್ಟನ್ನು ಸ್ವಂತವಾಗಿ ಅರೆಯುವುದು ಲಾಭದ ಕೆಲಸವಲ್ಲ ಎಂಬುದೇ ನನ್ನ ತೀರ್ಮಾನ. ಕಲಿಯುವ ಹಂಬಲವಿದ್ದವರು ಗುಜರಿ ಅಂಗಡಿಯಿಂದ ಹಳೆಯ ಹೆಡ್ಡೊಂದನ್ನು ತಂದು, ಕಣ್ಣಿಗೆ ಕನ್ನಡಕ ಧರಿಸಿ, ಅದರ ಮೇಲೆ ಕೈ ಪಳಗಿಸಲಿ. ಅದರಿಂದ ಬರುವ ತಿಳಿವಳಿಕೆ ಎಂದಿಗೂ ವ್ಯರ್ಥವಲ್ಲ.

ಆ ಯುವಕನಿಗೆ ವೃತ್ತದ ವಿಸ್ತೀರ್ಣದ ಸೂತ್ರವನ್ನು ಇದೇ ಶಾಲೆಯಲ್ಲಿ ಕಲಿಸಿದವನು ನಾನು. ಆತ ಅದನ್ನು ತಪ್ಪಿಲ್ಲದೆ ಒಪ್ಪಿಸಿದ್ದ. ಆ ಸೂತ್ರ ಅವನ ಬೈಕಿನೊಳಗೂ ಇದೆಯೆಂದು ನಾನು ಹೇಳಿಕೊಟ್ಟಿರಲಿಲ್ಲ. ಅರ ಜಾರಿದ ತಪ್ಪಿನಲ್ಲಿ ಅಷ್ಟರ ಮಟ್ಟಿಗೆ ನನ್ನ ಪಾಲೂ ಇದೆ. ಈ ಶಾಲೆಯ ಮುಂದಿನ ಅಧ್ಯಾಪಕರು ಆ ಕೊರತೆಯನ್ನು ಕನ್ನಡದಲ್ಲಿಯೇ ತುಂಬಲೆಂದು ಹಾರೈಸುತ್ತೇನೆ.