ಕಾಲುವೆ ನೀರಿಗೆ ಎರಡು ಬಣ್ಣ ಏಕೆ?

ಪ್ರಶ್ನೆ: ಮಸ್ಕಿ–ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಫೋಟೊ ತೆಗೆದರೆ ನೀರು ಒಮ್ಮೆ ಕಂದು, ಒಮ್ಮೆ ನೀಲಿಯಾಗಿ ಬರುತ್ತದೆ. ಏಕೆ?

ಉತ್ತರ: ಮುನಿರಾಬಾದಿನಿಂದ 227 ಕಿ.ಮೀ. ಸಾಗುವ ಈ ಕಾಲುವೆ ಮಳೆಗಾಲದಲ್ಲಿ ಹೂಳನ್ನೂ ಹೊತ್ತು ತರುತ್ತದೆ. ಸೇತುವೆಯಿಂದ ನೇರ ಕೆಳಗೆ ನೋಡಿದರೆ ನೀರು ಪ್ರತಿಫಲಿಸುವ ಬೆಳಕು ಸುಮಾರು ಶೇ 2 ಮಾತ್ರ. ಹೂಳಿನ ಬಣ್ಣವೇ ಕಾಣುತ್ತದೆ. ದಂಡೆಯ ಮೇಲೆ ಕುಳಿತು ಕ್ಯಾಮೆರಾ ತಗ್ಗಿಸಿದಷ್ಟೂ ಪ್ರತಿಫಲನ ಹೆಚ್ಚುತ್ತದೆ. ಆಕಾಶದ ನೀಲಿ, ಆಚೆ ದಂಡೆಯ ಜಾಲಿಗಿಡ ನೀರಲ್ಲಿ ಮೂಡುತ್ತವೆ. ಹೊಳಪು ಬೇಡವಾದರೆ ಪೋಲರೈಸರ್ ಫಿಲ್ಟರ್ ತಿರುಗಿಸಿ. ನೀರಿನ ಮೇಲ್ಮೈಗೆ 37 ಡಿಗ್ರಿ ಓರೆಯಲ್ಲಿ ಅದರ ಪರಿಣಾಮ ಅತಿ ಹೆಚ್ಚು. ಕಾಲುವೆಯ ಇಳಿಜಾರಿಗೆ ಮಾತ್ರ ಇಳಿಯಬೇಡಿ. ಪಾಚಿ ಜಾರುತ್ತದೆ, ನೀರಿನ ಸೆಳವು ಬಲು ಜೋರು.