ಫೈ ಬೀಟಾ ಕಪ್ಪ: ಓದಿನ ಹರವಿಗೆ ಸಲ್ಲುವ ಗೌರವ

ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡು ಐದು ತಿಂಗಳಾಗಿತ್ತಷ್ಟೆ. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಐವರು ವಿದ್ಯಾರ್ಥಿಗಳು ಸೇರಿ ಒಂದು ಸಂಘ ಕಟ್ಟಿದರು. ಹೆಸರು ಫೈ ಬೀಟಾ ಕಪ್ಪ. ಜ್ಞಾನದ ಮೇಲಿನ ಪ್ರೀತಿಯೇ ಬದುಕಿಗೆ ದಾರಿ ತೋರಬೇಕು ಎಂಬ ಅವರ ಧ್ಯೇಯವಾಕ್ಯದ ಗ್ರೀಕ್ ಮೊದಲಕ್ಷರಗಳಿವು. ತರಗತಿಯಲ್ಲಿ ಬಾಯಿಬಿಡಲಾಗದ ವಿಷಯಗಳನ್ನು ಚರ್ಚಿಸಲು ಅವರಿಗೆ ಗುಟ್ಟು ಬೇಕಿತ್ತು. ಪ್ರಮಾಣವಚನ, ಸಂಕೇತದ ಹಸ್ತಲಾಘವ ಎಲ್ಲವೂ ಇತ್ತು. ಗುಲಾಮಗಿರಿ ನ್ಯಾಯವೇ ಎಂಬ ಪ್ರಶ್ನೆಯೂ ಆ ಚರ್ಚೆಗಳಲ್ಲಿ ಬಂದುಹೋಗಿದೆ. 1781ರಲ್ಲಿ ಸ್ವಾತಂತ್ರ್ಯ ಯುದ್ಧ ಹತ್ತಿರವಾಗಿ ಮೂಲ ಶಾಖೆ ನಿಂತಿತು. ಅಷ್ಟರಲ್ಲಿ ಯೇಲ್ ಮತ್ತು ಹಾರ್ವರ್ಡ್‌ಗಳಿಗೆ ಶಾಖೆ ತೆರೆಯುವ ಸನ್ನದು ಹೋಗಿದ್ದರಿಂದ ಸಂಘ ಉಳಿಯಿತು. ಹಾರ್ವರ್ಡ್ ಶಾಖೆ 1831ರಲ್ಲಿ ಗುಟ್ಟನ್ನು ಕೈಬಿಟ್ಟಿತು. ಚಿಂತಕ ಎಮರ್ಸನ್ ‘ದಿ ಅಮೆರಿಕನ್ ಸ್ಕಾಲರ್’ ಉಪನ್ಯಾಸ ಕೊಟ್ಟದ್ದು 1837ರಲ್ಲಿ, ಇದೇ ಶಾಖೆಯ ಸಭೆಯಲ್ಲಿ. ವರ್ಮಾಂಟ್ ವಿಶ್ವವಿದ್ಯಾಲಯದ ಶಾಖೆ 1875ರಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ಬಾಗಿಲು ತೆರೆಯಿತು. ಸಂಘ ಹುಟ್ಟಿ ಆಗಲೇ 99 ವರ್ಷ. ಅದು ತೀರಾ ತಡ ಎಂದೇ ಹೇಳಬೇಕು.

ಇಂದು ಇದು ಚೆನ್ನಾಗಿ ಓದುವ ಪದವಿ ವಿದ್ಯಾರ್ಥಿಗಳನ್ನು ಗೌರವಿಸುವ ಸಂಘ. ಸದಸ್ಯತ್ವದ ಗುರುತು ಒಂದು ಪುಟ್ಟ ಚಿನ್ನದ ಬಣ್ಣದ ಕೀಲಿ. ಮುಂಬದಿಯಲ್ಲಿ ಮೂರು ಗ್ರೀಕ್ ಅಕ್ಷರ, ಮೂಲೆಯಲ್ಲಿ ಮೂರು ನಕ್ಷತ್ರ, ಅವುಗಳತ್ತ ಚಾಚಿದ ಬೆರಳು. ಸ್ನೇಹ, ನೈತಿಕತೆ, ವಿದ್ಯೆ ಎಂಬ ಮೂರು ತತ್ವಗಳಿಗೆ ಆ ನಕ್ಷತ್ರಗಳು. ಹಿಂಬದಿಯಲ್ಲಿ ಸಂಘ ಹುಟ್ಟಿದ ತಾರೀಖು. ಮೊದಲಿಗೆ ಇದು ಬರಿಯ ಪದಕ. ಜೇಬುಗಡಿಯಾರಕ್ಕೆ ಕೀ ಕೊಡುವ ಕಡ್ಡಿ ಸೇರಿದ ಮೇಲೆ ಕೀಲಿಯಾಯಿತು.

ಈ ಸಂಘದಲ್ಲಿ ನನಗೆ ಅತ್ಯಂತ ಹಿಡಿಸುವುದು ಆಯ್ಕೆಯ ಬಗೆ. ಇಲ್ಲಿ ಅರ್ಜಿ ಹಾಕುವಂತಿಲ್ಲ. ಕಾಲೇಜಿನ ಶಾಖೆಯಲ್ಲಿರುವ ಅಧ್ಯಾಪಕರೇ ಅಂಕಪಟ್ಟಿ ನೋಡಿ ಆರಿಸುತ್ತಾರೆ. ಅಂಕ ಎಷ್ಟಿದ್ದರೂ ಅದೊಂದೇ ಸಾಲದು: ಸಾಹಿತ್ಯದವರು ಗಣಿತ ಓದಿರಬೇಕು, ವಿಜ್ಞಾನದವರು ಇನ್ನೊಂದು ಭಾಷೆಯನ್ನು ಮಧ್ಯಮ ಹಂತದವರೆಗಾದರೂ ಕಲಿತಿರಬೇಕು. ಪಿಯುಸಿಯಲ್ಲೇ ಮಕ್ಕಳನ್ನು ಕಲೆ, ವಿಜ್ಞಾನ ಎಂದು ಬೇರ್ಪಡಿಸಿ, ಒಬ್ಬರ ಪುಸ್ತಕ ಇನ್ನೊಬ್ಬರು ಮುಟ್ಟದಂತೆ ಮಾಡುವ ನಮಗೆ ಇದರಲ್ಲಿ ಕಲಿಯುವುದಿದೆ.

ಅಮೆರಿಕದಲ್ಲಿ ಪದವಿ ಓದುತ್ತಿರುವ ನಮ್ಮ ಮಕ್ಕಳ ತಂದೆತಾಯಿಯರಿಗೆ ಒಂದು ಮಾತು. ಗೌರವ ಸಂಘದ ಹೆಸರಿನಲ್ಲಿ ಬರುವ ಪತ್ರಗಳೆಲ್ಲ ಒಂದೇ ತೂಕದವಲ್ಲ. ಹಣ ಕಟ್ಟಿದವರಿಗೆಲ್ಲ ಸದಸ್ಯತ್ವ ಕೊಡುವವರೂ ಇದ್ದಾರೆ. ಫೈ ಬೀಟಾ ಕಪ್ಪದಲ್ಲೂ ಸೇರುವಾಗ ಒಮ್ಮೆ ಶುಲ್ಕವಿರುತ್ತದೆ, ಆದರೆ ಆಹ್ವಾನ ಬರುವುದು ಆಯಾ ಕಾಲೇಜಿನ ಶಾಖೆಯಿಂದಲೇ. ಹಣ ಕಳಿಸುವ ಮೊದಲು ಆ ಶಾಖೆಯಲ್ಲಿ ವಿಚಾರಿಸಿ.